ಕಳವಾದ ಸ್ವತ್ತು ಮರಳಿ ಬರುವ ಬಗೆ

ಕ್ರಿ.ಶ. 1443ರಲ್ಲಿ ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯೊಬ್ಬ ಕಲ್ಲಿಕೋಟೆಯಿಂದ ವಿಜಯನಗರಕ್ಕೆ ಬಂದ. ಅವನ ಹೆಸರು ಅಬ್ದುಲ್ ರಜಾಕ್. ಆಗ ಇಲ್ಲಿ ಆಳುತ್ತಿದ್ದವನು ಇಮ್ಮಡಿ ದೇವರಾಯ. ಏಳು ಸುತ್ತಿನ ಕೋಟೆ, ಮುತ್ತು ರತ್ನಗಳನ್ನು ಬಯಲಲ್ಲಿಟ್ಟು ಮಾರುವ ಪೇಟೆ, ಮಹಾನವಮಿಯ ವೈಭವ ಇವನ್ನೆಲ್ಲ ಅವನು ಬರೆದಿಟ್ಟದ್ದು ನಿಮ್ಮ ಪಠ್ಯಪುಸ್ತಕಗಳಲ್ಲಿಯೂ ಬಂದಿದೆ. ಆದರೆ ಅವನ ಬರಹದಲ್ಲಿ ಪಠ್ಯಪುಸ್ತಕದವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಚಿಕ್ಕ ಭಾಗವಿದೆ.

ಟಂಕಸಾಲೆಯ ಎದುರಿಗೆ ನಗರದ ಕಾವಲು ಅಧಿಕಾರಿಯ ಕಚೇರಿ ಇತ್ತಂತೆ. ಅವನ ಕೈಕೆಳಗೆ 12,000 ಮಂದಿ ಕಾವಲುಗಾರರು. ಅವರ ದಿನದ ಸಂಬಳ 12,000 ಹಣ. ಹಣವೆಂದರೆ ಅಂದಿನ ಚಿಕ್ಕ ಚಿನ್ನದ ನಾಣ್ಯ. ಏಳು ಕೋಟೆಗಳ ಒಳಗೆ ಏನೇ ನಡೆದರೂ ತಿಳಿದುಕೊಳ್ಳುವುದು, ಕಳೆದುಹೋದದ್ದನ್ನೂ ಕಳವಾದದ್ದನ್ನೂ ಹುಡುಕಿ ತರುವುದು ಅವರ ಕೆಲಸ. ಹುಡುಕಿ ಕೊಡಲಾಗದಿದ್ದರೆ ಅವರೇ ದಂಡ ತೆರಬೇಕು. ಅಬ್ದುಲ್ ರಜಾಕನ ಜೊತೆಗಾರ ಕೊಂಡಿದ್ದ ಕೆಲವು ಗುಲಾಮರು ಓಡಿಹೋದಾಗ ಈ ಕಚೇರಿಗೆ ದೂರು ಹೋಯಿತು. ಆ ಕೇರಿಯ ಕಾವಲುಗಾರರು ಅವರನ್ನು ಹಿಡಿದು ತರಬೇಕು, ಇಲ್ಲವೇ ಬೆಲೆ ಕೊಡಬೇಕು ಎಂದು ಅಧಿಕಾರಿ ಆಜ್ಞೆ ಮಾಡಿದ. ಕಾವಲುಗಾರರು ಎಷ್ಟಾಗುತ್ತದೆಂದು ಕೇಳಿ ತಿಳಿದುಕೊಂಡು ಬೆಲೆಯನ್ನೇ ಕೊಟ್ಟರು.

ಓದುವಾಗ ಮನಸ್ಸು ಒಂದು ಕಡೆ ಮುಳ್ಳು ತುಳಿದಂತಾಗುತ್ತದೆ. ಓಡಿಹೋದವರು ಮನುಷ್ಯರು. ಅವರನ್ನು ಸ್ವತ್ತೆಂದು ಲೆಕ್ಕ ಹಾಕಿ ಬೆಲೆ ಕಟ್ಟಿದ ಕಾಲವದು. ಅವರು ಸಿಗದೇ ಹೋದದ್ದೇ ಒಳ್ಳೆಯದಾಯಿತು ಎಂದು ನನಗಂತೂ ಅನ್ನಿಸುತ್ತದೆ. ಏನನ್ನು ಸ್ವತ್ತೆನ್ನಬೇಕು, ಏನನ್ನು ಅನ್ನಬಾರದು ಎಂಬುದು ಕಾಲದಿಂದ ಕಾಲಕ್ಕೆ ಬದಲಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಿ. ಇಂದಿನ ನಮ್ಮ ವಿಷಯಕ್ಕೆ ಅದೇ ಬುನಾದಿ.

ಅದೇ ಹಂಪಿಯಿಂದ ಕಮಲಾಪುರ, ಕಂಪ್ಲಿ ದಾಟಿ ಬಂದರೆ ಎಮ್ಮಿಗನೂರು. ಕರ್ನೂಲು ಜಿಲ್ಲೆಯಲ್ಲಿ ನೇಕಾರಿಕೆಗೆ ಹೆಸರಾದ ಎಮ್ಮಿಗನೂರು ಬೇರೆ. ಇದು ಬಳ್ಳಾರಿ ಜಿಲ್ಲೆಯದು, ಭತ್ತದ ಗದ್ದೆಗಳ ನಡುವಿನದು. ಇಲ್ಲಿನ ಒಬ್ಬ ಪಿ.ಯು.ಸಿ. ಹುಡುಗನನ್ನು ಊಹಿಸಿಕೊಳ್ಳೋಣ. ಮೂರು ವರ್ಷದಿಂದ ಮೊಬೈಲಿನಲ್ಲಿ ಒಂದು ಆಟ ಆಡುತ್ತಿದ್ದಾನೆ. ಜಾತ್ರೆಗೆಂದು ಕೊಟ್ಟ ದುಡ್ಡು, ಮಾವ ಕೊಟ್ಟ ದುಡ್ಡು ಕೂಡಿಸಿ ಆಟದೊಳಗಿನ ಉಡುಪು, ಬಂದೂಕಿನ ಬಣ್ಣ ಕೊಂಡಿದ್ದಾನೆ. ಕೆಲವನ್ನು ರಾತ್ರಿಯೆಲ್ಲ ಆಡಿ ಗೆದ್ದಿದ್ದಾನೆ. ಒಂದು ದಿನ ಯಾರೋ ಕಳಿಸಿದ ‘ಉಚಿತ ಬಹುಮಾನ’ದ ಕೊಂಡಿ ಒತ್ತಿ, ಅಲ್ಲಿ ಕೇಳಿದಂತೆ ತನ್ನ ಗುಪ್ತಪದ ಬರೆದ. ಮರುದಿನ ಅವನ ಖಾತೆ, ಆಟಗಾರರ ಮಾತಿನಲ್ಲಿ ‘ಐಡಿ’, ಅವನಿಗೇ ಬಾಗಿಲು ಹಾಕಿಬಿಟ್ಟಿತು. ಮನೆಯಲ್ಲಿ ಹೇಳಿದರೆ, “ಹೋಗ್ಲಿ ಬಿಡೋ, ಅದೇನು ಬಂಗಾರಾನ?” ಎಂಬ ಉತ್ತರ. ಹೀಗೆ ಕಳೆದುಕೊಂಡವರು ಹೊಸಪೇಟೆಯಲ್ಲೂ ಸಂಡೂರಿನಲ್ಲೂ ಸಿಕ್ಕಾರು. ಬಹುಪಾಲು ಮಂದಿ ನಾಚಿಕೆಯಿಂದ ಸುಮ್ಮನಾಗುತ್ತಾರೆ.

“ಅದೇನು ಬಂಗಾರಾನ?” ಎಂಬ ಪ್ರಶ್ನೆಯನ್ನು ಸಲೀಸಾಗಿ ತಳ್ಳಿಹಾಕುವಂತಿಲ್ಲ. ಅದು ಒಂಬೈನೂರು ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿಯೇ ಗಂಭೀರವಾಗಿ ಚರ್ಚೆಯಾದ ಪ್ರಶ್ನೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನೆಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಬಂಗಾಳ, ಅಸ್ಸಾಮಿನ ಕಡೆ ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಆಸ್ತಿ ಹಂಚಿಕೆಯ ನ್ಯಾಯ ಇದೇ ಗ್ರಂಥವನ್ನು ಆಧರಿಸಿ ನಡೆಯಿತು. ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸ 1810ರಲ್ಲಿ ಇದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಕಂಪನಿ ಸರಕಾರದ ನ್ಯಾಯಾಧೀಶರ ಮೇಜಿನ ಮೇಲೂ ಅದು ಬಂತು.

ದಾಯಭಾಗವನ್ನು ಹೇಳುವ ಮೊದಲು ವಿಜ್ಞಾನೇಶ್ವರ ಒಂದು ಮೂಲಭೂತ ಪ್ರಶ್ನೆ ಎತ್ತುತ್ತಾನೆ. ‘ಇದು ನನ್ನದು’ ಎಂಬ ಸ್ವತ್ವ ಶಾಸ್ತ್ರ ಹೇಳಿದ್ದರಿಂದ ಮಾತ್ರ ಗೊತ್ತಾಗುವಂಥದೋ, ಅಥವಾ ಲೋಕದ ವ್ಯವಹಾರದಿಂದಲೇ ಗೊತ್ತಾಗುವಂಥದೋ? ಪೂರ್ವಪಕ್ಷದವನು ಜಾಣ. ಅವನ ವಾದದ ಒಂದು ಎಳೆ ಹೀಗಿದೆ: ಸ್ವತ್ವವೆಂಬುದು ಬರೀ ಲೌಕಿಕವಾಗಿದ್ದರೆ ‘ನನ್ನದನ್ನು ಅವನು ಕದ್ದ’ ಎಂಬ ಮಾತಿಗೇ ಅರ್ಥವಿರುವುದಿಲ್ಲ, ಕದ್ದವನ ಕೈಯಲ್ಲಿದ್ದರೆ ಅದು ಅವನದೇ ಎನ್ನಬೇಕಾಗುತ್ತದೆ. ವಿಜ್ಞಾನೇಶ್ವರ ಇದನ್ನು ಒಪ್ಪುವುದಿಲ್ಲ. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನ ಕೂಡ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನಿನ್ನದು ಇದು ನನ್ನದು ಎಂದು ಗುರುತಿಸುತ್ತಾರೆ. ಆದ್ದರಿಂದ ಸ್ವತ್ವ ಲೌಕಿಕವೇ ಎಂಬುದು ಅವನ ತೀರ್ಮಾನ. ಕದ್ದವನ ಕೈಯಲ್ಲಿರುವ ವಸ್ತು ಹೇಗೆ ಬಂತು, ಕೊಂಡದ್ದೋ, ಬೇರೆ ರೀತಿ ಪಡೆದದ್ದೋ ಎಂಬಲ್ಲಿ ಸಂದೇಹವಿರುವುದರಿಂದಲೇ ಅದು ಯಾರದೆಂಬ ಪ್ರಶ್ನೆ ಏಳುತ್ತದೆ ಎಂದು ಅವನು ಉತ್ತರಿಸುತ್ತಾನೆ.

ಈ ತೀರ್ಮಾನದ ಪ್ರಕಾರ ಒಂದು ವಸ್ತುವಿಗೆ ತೂಕವಿದೆಯೇ, ಅದನ್ನು ಕೈಯಲ್ಲಿ ಹಿಡಿಯಬಹುದೇ ಎಂಬುದು ಮೊದಲ ಪ್ರಶ್ನೆಯಲ್ಲ. ಜನ ಅದನ್ನು ಕೊಂಡು ಮಾರುತ್ತಾರೆಯೇ, ಅದು ಇಂಥವರದೆಂದು ಒಪ್ಪುತ್ತಾರೆಯೇ ಎಂಬುದು ಪ್ರಶ್ನೆ. ಗುಲಾಮರ ಪ್ರಸಂಗ ನೋಡಿದ ನಮಗೆ ಈ ವಾದದ ಅಪಾಯವೂ ಗೊತ್ತು. ಲೋಕ ಒಪ್ಪಿದ್ದೆಲ್ಲ ನ್ಯಾಯವಲ್ಲ. ಆದರೂ ಆಟದ ಹುಡುಗನ ಪಾಲಿಗೆ ವಿಜ್ಞಾನೇಶ್ವರ ಒಳ್ಳೆಯ ವಕೀಲ.

ಇದೇ ದಾರಿಯಲ್ಲಿ ನಡೆದದ್ದು ದೂರದ ನೆದರ್ಲೆಂಡ್ಸ್ ದೇಶದ ಸರ್ವೋಚ್ಚ ನ್ಯಾಯಾಲಯ. 1921ರಲ್ಲಿ ಆ ನ್ಯಾಯಾಲಯದ ಮುಂದೆ ಒಬ್ಬ ದಂತವೈದ್ಯನ ಮೊಕದ್ದಮೆ ಬಂತು. ಅವನು ವಿದ್ಯುತ್ ಮೀಟರಿಗೆ ಕಡ್ಡಿ ತೂರಿಸಿ ಅದು ತಿರುಗದಂತೆ ಮಾಡಿ ದೀಪ ಉರಿಸುತ್ತಿದ್ದ. ವಿದ್ಯುತ್ತು ವಸ್ತುವಲ್ಲ, ವಸ್ತುವಲ್ಲದ್ದನ್ನು ಕದಿಯುವುದು ಹೇಗೆ ಎಂಬುದು ಅವನ ಪರವಾದ. ನ್ಯಾಯಾಲಯ ಒಪ್ಪಲಿಲ್ಲ. ಅದಕ್ಕೆ ಬೆಲೆಯಿದೆ, ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ, ಆದ್ದರಿಂದ ಕಳವೇ ಎಂದಿತು. ತೊಂಬತ್ತು ವರ್ಷಗಳ ಬಳಿಕ ಅದೇ ನ್ಯಾಯಾಲಯಕ್ಕೆ ‘ರೂನ್‌ಸ್ಕೇಪ್’ ಎಂಬ ಗಣಕಯಂತ್ರದ ಆಟದ ಪ್ರಕರಣ ಬಂತು. 2007ರಲ್ಲಿ ಲೇವಾರ್ಡನ್ ಪಟ್ಟಣದಲ್ಲಿ ಇಬ್ಬರು ಹುಡುಗರು ಹದಿಮೂರು ವರ್ಷದ ಹುಡುಗನನ್ನು ಹೊಡೆದು, ಚಾಕು ತೋರಿಸಿ ಹೆದರಿಸಿ, ಆಟದೊಳಗಿನ ಅವನ ಒಂದು ತಾಯಿತವನ್ನೂ ಒಂದು ಮುಖವಾಡವನ್ನೂ ತಮ್ಮ ಖಾತೆಗೆ ದಾಟಿಸಿಕೊಂಡಿದ್ದರು. ಅವು ಬರೀ ಅಂಕೆಸಂಖ್ಯೆಗಳು, ಮೇಲಾಗಿ ಆಟದ ಕಂಪನಿಗೆ ಸೇರಿದವು ಎಂಬ ವಾದ ನಡೆಯಲಿಲ್ಲ. ಹುಡುಗ ಅವುಗಳಿಗಾಗಿ ಹೊತ್ತು ಕಳೆದಿದ್ದಾನೆ, ಶ್ರಮ ಹಾಕಿದ್ದಾನೆ. ಅವುಗಳ ಮೇಲೆ ಅವನಿಗೊಬ್ಬನಿಗೇ ಹಿಡಿತವಿತ್ತು, ಆ ಹಿಡಿತ ತಪ್ಪಿಹೋಯಿತು. ಆದ್ದರಿಂದ ಇದು ಕಳವು ಎಂದು 2012ರ ಜನವರಿ 31ರಂದು ತೀರ್ಪು ಬಂತು.

ನಮ್ಮ ದೇಶದಲ್ಲಿ ಮೊದಲಿಂದ ಒಂದು ತೊಡಕಿತ್ತು. 1860ರ ಭಾರತೀಯ ದಂಡ ಸಂಹಿತೆ ಚರ ಸ್ವತ್ತಿನ ವಿವರಣೆಯಲ್ಲಿ ‘ಮೂರ್ತವಾದ’ ಸ್ವತ್ತು ಎಂದಿತ್ತು, ಅಂದರೆ ಆಕಾರವುಳ್ಳದ್ದು. ಹೀಗಾಗಿ ವಿದ್ಯುತ್ತಿಗಾಗಿ 1910ರ ವಿದ್ಯುತ್ ಕಾಯಿದೆಯಲ್ಲಿ 39ನೆಯ ಕಲಮನ್ನು ಬೇರೆಯಾಗಿಯೇ ಸೇರಿಸಬೇಕಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಚರ ಸ್ವತ್ತಿನ ವಿವರಣೆಯನ್ನು ಓದಿ ನೋಡಿ: ಭೂಮಿ ಮತ್ತು ಭೂಮಿಗೆ ಅಂಟಿಕೊಂಡವನ್ನು ಬಿಟ್ಟು ಎಲ್ಲ ಬಗೆಯ ಸ್ವತ್ತು ಎಂದಿದೆ. ‘ಮೂರ್ತ’ ಎಂಬ ಆ ಒಂದು ಪದ ಜಾರಿಹೋಗಿದೆ. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಗಲಿಲ್ಲ, ಆದರೆ ಕಾನೂನು ಓದುವ ವಿದ್ಯಾರ್ಥಿಗಳು ಇದರ ಮೇಲೆ ಕಣ್ಣಿಡಬೇಕು. ಅದರ ವ್ಯಾಪ್ತಿ ಎಷ್ಟೆಂದು ನಮ್ಮ ನ್ಯಾಯಾಲಯಗಳು ಹೇಳಬೇಕಾಗಿದೆ. ಅದಕ್ಕಾಗಿ ಕಾಯಬೇಕಾದ್ದೂ ಇಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ತಿದ್ದುಪಡಿಯಾಗಿ 2009ರಿಂದ ಜಾರಿಯಲ್ಲಿರುವ 66ಸಿ ಕಲಮಿನ ಪ್ರಕಾರ ಇನ್ನೊಬ್ಬರ ಗುಪ್ತಪದವನ್ನು ಮೋಸದಿಂದ ಬಳಸುವುದೇ ಅಪರಾಧ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಬಾಗಿಲು ಮುರಿದದ್ದು ತಪ್ಪಾದರೆ ಒಳಗೆ ಬಂಗಾರವಿತ್ತೋ ಭತ್ತವಿತ್ತೋ ಎಂದು ಮೊದಲೇ ಕೇಳಬೇಕಾಗಿಲ್ಲವಷ್ಟೆ.

ಕಾನೂನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಎರಡು ಪ್ರಕರಣಗಳಿವೆ. ಬೀಜಿಂಗಿನ ಒಬ್ಬ ಯುವಕ ಎರಡು ವರ್ಷ ಆಡಿ, ಸುಮಾರು ಹತ್ತು ಸಾವಿರ ಯುವಾನ್ ಖರ್ಚು ಮಾಡಿ ಕೂಡಿಟ್ಟಿದ್ದ ಆಟದ ಆಯುಧಗಳು 2003ರಲ್ಲಿ ಮಾಯವಾದವು. ಕದ್ದವನು ಯಾರೆಂದು ತಿಳಿಸಲು ಕಂಪನಿ ಒಪ್ಪಲಿಲ್ಲ. ಅವನು ಕಂಪನಿಯ ಮೇಲೆಯೇ ದಾವೆ ಹೂಡಿದ. ನಿಮ್ಮ ಕಾವಲು ಸಡಿಲವಾಗಿತ್ತು, ಆದ್ದರಿಂದ ಕಳೆದದ್ದನ್ನು ಅವನ ಖಾತೆಗೆ ಮರಳಿ ಕೊಡಿ ಎಂದು ಆ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯ ಹೇಳಿತು. ವಿಜಯನಗರದ ಕಾವಲುಗಾರರು ಬೆಲೆ ತೆತ್ತದ್ದು ಇಲ್ಲಿ ನೆನಪಾಗುತ್ತದೆ. ಇನ್ನೊಂದು ಪ್ರಕರಣ ಶಾಂಘೈನದು, ದುಃಖದ್ದು. ಎರವಲು ಕೊಟ್ಟ ಆಟದ ಖಡ್ಗವನ್ನು ಗೆಳೆಯ 7,200 ಯುವಾನಿಗೆ ಮಾರಿಬಿಟ್ಟ. ಪೊಲೀಸರು ಇದಕ್ಕೆ ಕಾನೂನಿಲ್ಲ ಎಂದರು. 2005ರಲ್ಲಿ ಖಡ್ಗದ ಒಡೆಯ ಗೆಳೆಯನನ್ನು ಕೊಂದ. ಸೆರೆಮನೆ ಸೇರಿದ.

ಮತ್ತೆ ಮಿತಾಕ್ಷರಕ್ಕೆ ಬರೋಣ, ಏಕೆಂದರೆ ಕಳವಾದದ್ದನ್ನು ಪಡೆಯುವ ಕ್ರಮವೂ ಅಲ್ಲಿದೆ. ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯದಲ್ಲಿ ‘ಅಸ್ವಾಮಿವಿಕ್ರಯ’ ಎಂಬ ಒಂದು ಪ್ರಕರಣವಿದೆ. ಒಡೆಯನಲ್ಲದವನು ಮಾರುವುದು ಎಂದರ್ಥ. ತನ್ನ ವಸ್ತು ಮತ್ತೊಬ್ಬರ ಕೈಯಲ್ಲಿ ಕಂಡರೆ ಒಡೆಯ ಅದನ್ನು ಕೇಳಬಹುದು. ಆದರೆ ‘ಆಗಮ’ದಿಂದಲೋ ‘ಭೋಗ’ದಿಂದಲೋ ಅದು ತನ್ನದೆಂದು ತೋರಿಸಬೇಕು. ಆಗಮವೆಂದರೆ ಅದು ಹೇಗೆ ಬಂತೆಂಬ ಲೆಕ್ಕ. ಭೋಗವೆಂದರೆ ಬಳಸುತ್ತ ಬಂದ ರುಜುವಾತು. ತೋರಿಸಲಾಗದಿದ್ದರೆ ಕೇಳಿದವನಿಗೇ ದಂಡ. ಇಂದು ಆಟದ ಕಂಪನಿಯ ಸಹಾಯ ವಿಭಾಗಕ್ಕೆ ಬರೆದರೆ ಅವರು ಕೇಳುವುದೂ ಬಹುಮಟ್ಟಿಗೆ ಇದನ್ನೇ: ಆಟಗಾರನ ಸಂಖ್ಯೆ ಯಾವುದು, ದುಡ್ಡು ಕೊಟ್ಟ ರಸೀತಿ ಎಲ್ಲಿದೆ, ಖಾತೆ ತೆರೆದದ್ದು ಯಾವಾಗ, ಯಾವ ಮೊಬೈಲಿನಲ್ಲಿ ಆಡುತ್ತಿದ್ದೆ. ರಸೀತಿಯ ಇ-ಮೇಲ್‌ಗಳನ್ನು ಕಸವೆಂದು ಅಳಿಸಿದ ಹುಡುಗ ಆಗಮವನ್ನು ಕಳೆದುಕೊಂಡಂತೆ. ಗೆಳೆಯನ ಐಡಿಯನ್ನು ಕೈಬದಲಿಯಾಗಿ ಕೊಂಡವನಿಗಂತೂ ಎರಡೂ ಇರುವುದಿಲ್ಲ.

ಕೊಂಡವನ ಬಗೆಗೂ ಆ ಪ್ರಕರಣ ಕಟುವಾಗಿಯೇ ಮಾತಾಡುತ್ತದೆ. ಗುಟ್ಟಾಗಿ, ತೀರ ಅಗ್ಗಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ, ಅಂಥ ವಸ್ತು ಇರಲಾರದವನ ಕೈಯಿಂದ ಕೊಂಡರೆ ಕೊಂಡವನೂ ಕಳ್ಳನೇ. ಅವನು ತಪ್ಪಿಸಿಕೊಳ್ಳಬೇಕಾದರೆ ಮಾರಿದವನನ್ನು ತೋರಿಸಬೇಕು. ಆಗ ಒಡೆಯನಿಗೆ ವಸ್ತು, ರಾಜನಿಗೆ ದಂಡ, ಕೊಂಡವನಿಗೆ ಅವನು ಕೊಟ್ಟ ಬೆಲೆ ಮಾರಿದವನಿಂದ ಸಲ್ಲುತ್ತದೆ. ಅರ್ಧ ಬೆಲೆಗೆ ಐಡಿ ಮಾರುತ್ತೇವೆಂಬ ಸಂದೇಶಗಳು ನಿಮ್ಮಲ್ಲಿ ಕೆಲವರ ಮೊಬೈಲಿಗೂ ಬಂದಿರಬಹುದು.

ಇನ್ನೂ ಒಂದು ಸ್ವಾರಸ್ಯವಿದೆ. ಕಳವಾದ ತನ್ನ ವಸ್ತುವನ್ನು ರಾಜನಿಗೆ ತಿಳಿಸದೆ ಪರರ ಕೈಯಿಂದ ತಾನೇ ಪಡೆದುಕೊಂಡವನಿಗೆ 96 ಪಣ ದಂಡ. ವಸ್ತು ಅವನದೇ ಆದರೂ ದಂಡ ತಪ್ಪದು, ಏಕೆಂದರೆ ಗುಟ್ಟಾಗಿ ರಾಜಿಯಾದರೆ ಕಳ್ಳ ಮುಚ್ಚಿಹೋಗುತ್ತಾನೆ. ಐದುನೂರು ರೂಪಾಯಿ ಕೊಟ್ಟರೆ ನಿನ್ನ ಐಡಿ ಹ್ಯಾಕ್ ಮಾಡಿ ವಾಪಸು ತಂದುಕೊಡುತ್ತೇನೆ ಎನ್ನುವವರಿದ್ದಾರೆ. ಅವರ ಕೈಗೆ ಬಿದ್ದವರು ಆ ದುಡ್ಡನ್ನೂ, ಕೆಲವೊಮ್ಮೆ ಇ-ಮೇಲ್ ಖಾತೆಯನ್ನೂ ಕಳೆದುಕೊಳ್ಳುತ್ತಾರೆ. ಕೊಟ್ಟ ಮಾತಿನಂತೆ ನಡೆದರೂ ಅದು ಅದೇ 2000ದ ಕಾಯಿದೆಯಡಿ ಇನ್ನೊಂದು ಅಪರಾಧ.

ಮರಳಿ ಕೊಡುವುದು ಕಂಪನಿಗೆ ಸುಲಭವೆಂದು ತೋರುತ್ತದೆ. ಅಂಕೆಗಳೇ ತಾನೆ, ಇನ್ನೊಂದು ಪ್ರತಿ ಮಾಡಿಕೊಟ್ಟರಾಯಿತು! ಸ್ಟೀಮ್ ಎಂಬ ದೊಡ್ಡ ಆಟದ ಜಾಲವನ್ನು ನಡೆಸುವ ಅಮೆರಿಕದ ವಾಲ್ವ್ ಕಂಪನಿ ಮೊದಲು ಹಾಗೆಯೇ ಮಾಡುತ್ತಿತ್ತು. ಕದ್ದ ವಸ್ತು ಅಷ್ಟರಲ್ಲಿ ನಾಲ್ಕು ಕೈ ದಾಟಿ ಅಮಾಯಕ ಕೊಳ್ಳುಗನ ಬಳಿ ಇರುತ್ತಿದ್ದರಿಂದ ಅದನ್ನು ಕಿತ್ತುಕೊಳ್ಳದೆ, ಕಳೆದುಕೊಂಡವನಿಗೆ ಹೊಸದೊಂದನ್ನು ಸೃಷ್ಟಿಸಿ ಕೊಟ್ಟಿತು. ಆದರೆ ಒಂದಿದ್ದದ್ದು ಎರಡಾದರೆ ಅಪರೂಪವೆಂಬ ಬೆಲೆ ಇಳಿಯುತ್ತದೆ. ನಷ್ಟ ಉಳಿದ ಎಲ್ಲ ಆಟಗಾರರ ಮೇಲೂ ಹಂಚಿಹೋಗುತ್ತದೆ. ಟಂಕಸಾಲೆಯಲ್ಲಿ ಕಳವಿಗೆ ಪರಿಹಾರವೆಂದು ಬೇಕಾದಷ್ಟು ವರಾಹ ಒತ್ತಿದರೆ ಏನಾದೀತೋ ಅದೇ. ತಿಂಗಳಿಗೆ ಸುಮಾರು 77,000 ಖಾತೆಗಳು ಕಳ್ಳರ ಪಾಲಾಗುತ್ತಿವೆಯೆಂದು ಆ ಕಂಪನಿ 2015ರ ಡಿಸೆಂಬರಿನಲ್ಲಿ ತಾನೇ ಪ್ರಕಟಿಸಿತು. ಆಮೇಲೆ ಪ್ರತಿ ಮಾಡುವ ದಾರಿ ಬಿಟ್ಟು ತಡೆಹಿಡಿಯುವ ದಾರಿ ಹಿಡಿಯಿತು. ಮೊಬೈಲಿನ ಎರಡನೆಯ ಬೀಗ ಹಾಕಿಕೊಳ್ಳದವರ ವಸ್ತು ಕೈಬದಲಾಗಲು ಮೂರು ದಿನ ಕಾಯಬೇಕೆಂದಿತು. 2025ರಲ್ಲಿ ತನ್ನ ಒಂದು ಆಟದಲ್ಲಿ ಏಳು ದಿನದೊಳಗಿನ ವಿನಿಮಯವನ್ನು ಆಟಗಾರನೇ ಹಿಂದಕ್ಕೆ ತಿರುಗಿಸಲು ಅವಕಾಶ ಕೊಟ್ಟಿತು.

ಗುಪ್ತಪದದ ಕಳವು ಗುಪ್ತಪದದಷ್ಟೇ ಹಳೆಯದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಹಲವರು ಒಂದೇ ಗಣಕಯಂತ್ರವನ್ನು ಹಂಚಿಕೊಂಡು ಬಳಸಲೆಂದು 1960ರ ದಶಕದ ಆರಂಭದಲ್ಲಿ ಗುಪ್ತಪದ ಬಂತು. 1962ರಲ್ಲಿಯೇ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಕೊಟ್ಟ ಗಂಟೆಗಳು ಸಾಲದೆಂದು ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡ. ಬಹಳ ವರ್ಷಗಳ ಮೇಲೆ ತಾನೇ ಒಪ್ಪಿಕೊಂಡ. ಅವನು ಪಟ್ಟಿಗೆ ಕೈ ಹಾಕಬೇಕಾಯಿತು. ಇಂದಿನ ಕಳ್ಳನಿಗೆ ಆ ಶ್ರಮವೂ ಇಲ್ಲ, ನಾವೇ ಬರೆದು ಕೊಡುತ್ತೇವೆ. ಆಟದ ಖಾತೆ ಕಳೆದವರು ಮೊದಲು ಓಡಬೇಕಾದ್ದು ಆಟದ ಕಡೆಗಲ್ಲ, ಅದಕ್ಕೆ ಕಟ್ಟಿದ ಇ-ಮೇಲ್ ಕಡೆಗೆ. ಮನೆಯ ಎಲ್ಲ ಬೀಗದ ಕೈಗಳ ಗೊಂಚಲು ಅಲ್ಲಿದೆ. ಅದರ ಗುಪ್ತಪದ ಬದಲಿಸಿ, ಬೇರೆ ಯಂತ್ರಗಳಲ್ಲಿ ತೆರೆದಿರುವುದನ್ನೆಲ್ಲ ಮುಚ್ಚಿಸಿ, ಚೇತರಿಕೆಗೆ ಕೊಟ್ಟ ದೂರವಾಣಿ ಸಂಖ್ಯೆ ನಿಮ್ಮದೇ ಇದೆಯೇ ಎಂದು ನೋಡಿ, ಆಮೇಲೆ ಆಟದ ಕಂಪನಿಗೆ ಬರೆಯಬೇಕು. ಗೊಂಚಲೇ ಕಳ್ಳನ ಕೈಯಲ್ಲಿದ್ದರೆ ಹೊಸ ಬೀಗ ಹಾಕಿಯೂ ಪ್ರಯೋಜನವಿಲ್ಲ.

ಆಕಾರವಿಲ್ಲದ್ದನ್ನು ಜಪ್ತಿ ಮಾಡುವುದು ಪೊಲೀಸರಿಗೂ ಎಷ್ಟು ಕಷ್ಟವೆಂಬುದನ್ನು ಬೆಂಗಳೂರು ಕಂಡಿದೆ. 2019ರಲ್ಲಿ ಕರ್ನಾಟಕ ಸರಕಾರದ ಇ-ಸಂಗ್ರಹಣ ಜಾಲಕ್ಕೆ ಕನ್ನ ಬಿದ್ದು ಗುತ್ತಿಗೆದಾರರು ಇಟ್ಟಿದ್ದ ಠೇವಣಿಯ ಕೋಟ್ಯಂತರ ರೂಪಾಯಿ ಬೇರೆಡೆಗೆ ಹರಿಯಿತು. 2020ರ ನವೆಂಬರಿನಲ್ಲಿ ಬಂಧಿತನಾದ ಯುವಕನೊಬ್ಬನ ಮೇಲೆ ಈ ಕೃತ್ಯದ ಜೊತೆಗೆ ಇಸ್ಪೀಟಿನ ಆಟದ ಜಾಲಗಳಿಗೆ ನುಗ್ಗಿದ ಆರೋಪವೂ ಬಂತು. ಒಂಬತ್ತು ಕೋಟಿ ರೂಪಾಯಿ ಬೆಲೆಯ ಬಿಟ್‌ಕಾಯಿನ್ ವಶಪಡಿಸಿಕೊಂಡೆವೆಂದು 2021ರ ಜನವರಿಯಲ್ಲಿ ಪೊಲೀಸರು ಪ್ರಕಟಿಸಿದರು. ಅವು ನಿಜಕ್ಕೂ ವಶಕ್ಕೆ ಬಂದಿದ್ದವೇ ಎಂಬುದೇ ಮುಂದೆ ದೊಡ್ಡ ವಿವಾದವಾಗಿ, 2023ರಲ್ಲಿ ವಿಶೇಷ ತನಿಖಾ ತಂಡ ರಚಿಸಬೇಕಾಯಿತು. ಬಂಗಾರದ ಸರವಾಗಿದ್ದರೆ ತಕ್ಕಡಿಗೆ ಹಾಕಿ ತೂಗಬಹುದಿತ್ತು.

ಇಂಥ ಅಪರಾಧಗಳಿಗೆಂದೇ ದೇಶದಲ್ಲಿ ಮೊದಲ ಠಾಣೆ ತೆರೆದದ್ದು ಬೆಂಗಳೂರಿನಲ್ಲಿ, 2001ರಲ್ಲಿ. ಈಗ ಜಿಲ್ಲೆಗಳಲ್ಲಿಯೇ ಸಿ.ಇ.ಎನ್. ಠಾಣೆಗಳಿವೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪಿಯವರು ಆ ಜಿಲ್ಲೆಗೆ ಸೇರಿದರು. ಎಮ್ಮಿಗನೂರು, ಕಂಪ್ಲಿ, ಸಂಡೂರಿನವರು ಬಳ್ಳಾರಿಯಲ್ಲಿಯೇ ಉಳಿದರು. ಯಾವ ಠಾಣೆಗೆ ಹೋಗಬೇಕೆಂಬ ಗೊಂದಲ ಬೇಡ: 2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಖಾತೆಯ ಜೊತೆ ದುಡ್ಡೂ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು.

ಊರ ಗಡಿಯ ಈ ತೊಡಕನ್ನೂ ಯಾಜ್ಞವಲ್ಕ್ಯ ಬಿಟ್ಟಿಲ್ಲ. ಕಳ್ಳನ ಹೆಜ್ಜೆಯ ಗುರುತು ಊರಿಂದ ಹೊರಗೆ ಹೋಗಿರದಿದ್ದರೆ ಊರೇ ಹೊಣೆ. ಹೊರಗೆ ಹೋಗಿದ್ದರೆ ಹೆಜ್ಜೆ ಯಾವ ಊರನ್ನು ಹೊಕ್ಕಿತೋ ಆ ಊರು ಕೊಡಬೇಕು. ಎಲ್ಲ ಊರುಗಳಿಂದ ಒಂದು ಕ್ರೋಶದಾಚೆ ನಡೆದಿದ್ದರೆ ಸುತ್ತಲಿನ ಐದು ಊರು, ಇಲ್ಲವೇ ಹತ್ತು ಊರು ಸೇರಿ ಕೊಡಬೇಕು. ಅಂತರಜಾಲದಲ್ಲೂ ಹೆಜ್ಜೆ ಮೂಡುತ್ತದೆ. ಯಾವ ಹೊತ್ತಿಗೆ, ಯಾವ ವಿಳಾಸದಿಂದ, ಯಾವ ಯಂತ್ರದಿಂದ ಖಾತೆಯ ಬಾಗಿಲು ತೆರೆಯಿತೆಂಬ ದಾಖಲೆ ಸೇವೆ ಕೊಡುವವರ ಬಳಿ ಉಳಿಯುತ್ತದೆ. ಆದರೆ ಮಣ್ಣಿನ ಮೇಲಿನ ಹೆಜ್ಜೆಯಂತೆ ಅದೂ ಅಳಿಯುತ್ತದೆ. ಅಧಿಕಾರಿಗಳ ಕೈಗೆ ಸಿಕ್ಕ ಕಳವಿನ ಮಾಲನ್ನು ಕೇಳಲು ಒಡೆಯನಿಗೆ ಯಾಜ್ಞವಲ್ಕ್ಯ ಒಂದು ವರ್ಷ ಕೊಟ್ಟಿದ್ದ. ಕೇಂದ್ರ ಸರಕಾರದ ಸೈಬರ್ ತುರ್ತು ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಈ ದಾಖಲೆಗಳನ್ನು ಇಟ್ಟುಕೊಳ್ಳಬೇಕೆಂದು ಹೇಳಿರುವ ಅವಧಿ 180 ದಿನ.